ಮುಳ್ಳು ಸೊನ್ನೆಯಲ್ಲಿದ್ದಾಗ ಟ್ಯಾಂಕಿನಲ್ಲಿ ಏನಿತ್ತು?

ಸವಳಂಗ ರಸ್ತೆಯಲ್ಲಿ ನವುಲೆ ಕಡೆಗೆ ಹೋಗುವಾಗ ನಾನು ವಾರಕ್ಕೊಮ್ಮೆ ಗಾಡಿಗೆ ಗಾಳಿ ಹಾಕಿಸುವ ಪಂಕ್ಚರ್ ಅಂಗಡಿಯೊಂದಿದೆ. ಅಲ್ಲಿರುವ ಗೇಜಿನ ಮುಖದ ಮೇಲೆ ಎರಡು ಸುತ್ತು ಅಂಕಿಗಳಿವೆ. ಹೊರಗಿನ ಸುತ್ತು ಪಿಎಸ್‌ಐ, ಒಳಗಿನದು ಕೆ.ಜಿ. ಅಂಗಡಿಯವರು ಹೊರಗಿನದನ್ನು ಮಾತ್ರ ನೋಡುತ್ತಾರೆ. ಮುಂದಿನ ಚಕ್ರಕ್ಕೆ 25, ಹಿಂದಿನದಕ್ಕೆ 33 ಎಂದು ನಾನು ಹೇಳುವುದಕ್ಕೂ ಮೊದಲೇ ಹಾಕಿ ಮುಗಿಸಿರುತ್ತಾರೆ. ನನ್ನ ರೂಮ್‌ಮೇಟ್‌ಗೆ ಪಿಎಸ್‌ಐ ಅಂದರೆ ಬೇರೆಯೇ ಅರ್ಥ. ಅವನು ಮೂರು ವರ್ಷದಿಂದ ಆ ಪರೀಕ್ಷೆಗೆ ಓದುತ್ತಿದ್ದಾನೆ. ಅವನ ಪಿಎಸ್‌ಐ ಕೂಡ ಒಂದು ಬಗೆಯ ಒತ್ತಡದ ಮಾನವೇ ಎಂದು ನಾವು ನಗುವುದುಂಟು.

ನನಗೆ ನಗು ನಿಂತದ್ದು ಕಳೆದ ವರ್ಷ, ಒಂದು ಕಾರ್ಖಾನೆಯ ಸಂದರ್ಶನದಲ್ಲಿ. ನಾನು ಮೆಕ್ಯಾನಿಕಲ್ ಓದಿದವನು. ಬೆಳಿಗ್ಗೆ ಇದೇ ಅಂಗಡಿಯಲ್ಲಿ ಗಾಳಿ ಹಾಕಿಸಿಕೊಂಡು, ಇಸ್ತ್ರಿ ಮಾಡಿದ ಶರ್ಟು ಮುದುಡದ ಹಾಗೆ ನಿಧಾನವಾಗಿ ಗಾಡಿ ಓಡಿಸಿಕೊಂಡು ಹೋಗಿದ್ದೆ. ಕೋಣೆಯಲ್ಲಿ ಮೂವರಿದ್ದರು. ಕಂಪ್ರೆಸರ್ ಟ್ಯಾಂಕಿನ ಗೇಜು 7 ಕೆ.ಜಿ. ತೋರಿಸುತ್ತಿದೆ, ಒಳಗಿನ ಗಾಳಿಯ ಒತ್ತಡ ಪ್ಯಾಸ್ಕಲ್‌ನಲ್ಲಿ ಎಷ್ಟು ಎಂದು ಕೇಳಿದರು. ಚದರ ಸೆಂಟಿಮೀಟರಿಗೆ ಒಂದು ಕೆ.ಜಿ. ಅಂದರೆ 98,066.5 ಪ್ಯಾಸ್ಕಲ್ ಎಂಬುದು ನನಗೆ ಬಾಯಿಪಾಠ. ಏಳರಿಂದ ಗುಣಿಸಿ, 6 ಲಕ್ಷದ 86 ಸಾವಿರ ಎಂದು ಹೆಮ್ಮೆಯಿಂದ ಹೇಳಿದೆ. ಅವರಲ್ಲಿ ಹಿರಿಯರೊಬ್ಬರು, ಹಾಗಾದರೆ ಮುಳ್ಳು ಸೊನ್ನೆಯಲ್ಲಿದ್ದಾಗ ಟ್ಯಾಂಕಿನಲ್ಲಿ ಏನಿರುತ್ತದೆ ಎಂದರು. ಏನೂ ಇರುವುದಿಲ್ಲ ಸಾರ್, ನಿರ್ವಾತ ಎಂದೆ. ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಫೋನ್ ಮಾಡುತ್ತೇವೆ ಎಂದರು. ಆ ಫೋನ್ ಇನ್ನೂ ಬಂದಿಲ್ಲ.

ರೂಮಿಗೆ ಬಂದು ಪುಸ್ತಕ ತೆರೆದಾಗ ಸಿಟ್ಟು ಬಂದದ್ದು ನನ್ನ ಮೇಲೆ. ಪ್ಯಾಸ್ಕಲ್ ಎಂಬ ಮಾನವನ್ನು ಐದು ವರ್ಷ ಬಳಸಿದ್ದೆ. ಆ ಹೆಸರಿನ ಮನುಷ್ಯ ತನ್ನ ಇಪ್ಪತ್ತರ ಹರೆಯದ ಅರ್ಧ ಭಾಗವನ್ನು ಕಳೆದದ್ದು ಇದೇ ಪ್ರಶ್ನೆಯೊಂದಿಗೆ ಎಂಬುದು ಗೊತ್ತಿರಲಿಲ್ಲ. ಏನೂ ಇಲ್ಲ ಎಂದು ಕಾಣುವ ಕಡೆ ನಿಜವಾಗಿ ಏನಿದೆ ಎಂಬುದೇ ಅವನ ಪ್ರಶ್ನೆಯಾಗಿತ್ತು. ಆಮೇಲೆ ಎರಡು ತಿಂಗಳು, ಅರ್ಜಿ ಹಾಕುವ ಕೆಲಸದ ನಡುವೆ, ಅವನ ಬದುಕನ್ನು ಸಿಕ್ಕಲ್ಲೆಲ್ಲ ಓದಿದೆ.

ಬ್ಲೇಸ್ ಪ್ಯಾಸ್ಕಲ್ ಹುಟ್ಟಿದ್ದು 1623ರ ಜೂನ್ 19ರಂದು, ಫ್ರಾನ್ಸಿನ ನಡುಭಾಗದ ಕ್ಲೆರ್ಮಾಂ ಎಂಬ ಊರಿನಲ್ಲಿ. ಊರಿನ ಬೆನ್ನಿಗೆ ಆರಿಹೋದ ಜ್ವಾಲಾಮುಖಿಗಳ ಸಾಲು. ಅದರಲ್ಲಿ ಎತ್ತರದ್ದು ಪ್ವಿ ದ ದೋಮ್. ಈ ಬೆಟ್ಟದ ಹೆಸರನ್ನು ನೆನಪಿಟ್ಟುಕೊಳ್ಳಿ, ಮುಂದೆ ಬರುತ್ತದೆ. ತಂದೆ ಎತಿಯೆನ್ ತೆರಿಗೆ ನ್ಯಾಯಾಲಯದ ಅಧಿಕಾರಿ, ಗಣಿತದ ಹುಚ್ಚಿನವರು. ಮಗನಿಗೆ ಮೂರು ವರ್ಷವಾದಾಗ ತಾಯಿ ತೀರಿಕೊಂಡರು. ಅಕ್ಕ ಗಿಲ್ಬರ್ತ್, ತಂಗಿ ಜಾಕ್ವೆಲಿನ್, ನಡುವೆ ಇವನು. ತಂದೆ ಮತ್ತೆ ಮದುವೆಯಾಗದೆ, 1631ರಲ್ಲಿ ಮೂವರನ್ನೂ ಕರೆದುಕೊಂಡು ಪ್ಯಾರಿಸ್‌ಗೆ ಬಂದರು. ಶಾಲೆಗೆ ಕಳಿಸಲಿಲ್ಲ, ಮನೆಯಲ್ಲೇ ಪಾಠ ಹೇಳಿದರು.

ಆ ಪಾಠದಲ್ಲಿ ಗಣಿತವೇ ಇರಲಿಲ್ಲ ಎಂಬುದು ವಿಚಿತ್ರ. ಗಣಿತದ ರುಚಿ ಹತ್ತಿದರೆ ಹುಡುಗ ಲ್ಯಾಟಿನ್, ಗ್ರೀಕ್ ಬಿಟ್ಟುಬಿಡುತ್ತಾನೆ ಎಂಬ ಭಯಕ್ಕೆ ತಂದೆ ಆ ಪುಸ್ತಕಗಳನ್ನೇ ಬಚ್ಚಿಟ್ಟಿದ್ದರು. ನಮ್ಮ ಮನೆಗಳಲ್ಲಿ ಗಣಿತ ಬಿಟ್ಟು ಬೇರೆ ಓದಿದರೆ ಬೈಯುತ್ತಾರೆ, ಅಲ್ಲಿ ಉಲ್ಟಾ. ಹುಡುಗ ಹನ್ನೆರಡನೆಯ ವಯಸ್ಸಿನಲ್ಲಿ ಇದ್ದಿಲು ಹಿಡಿದು ನೆಲದ ಮೇಲೆ ಆಕೃತಿಗಳನ್ನು ಬರೆಯುತ್ತಾ, ತ್ರಿಕೋನದ ಮೂರು ಕೋನಗಳ ಮೊತ್ತ ಎರಡು ಲಂಬಕೋನ ಎಂಬುದನ್ನು ತಾನೇ ಕಂಡುಕೊಂಡನೆಂದು ಅಕ್ಕ ಬರೆದ ಜೀವನಚರಿತ್ರೆ ಹೇಳುತ್ತದೆ. ಅಕ್ಕಂದಿರು ತಮ್ಮಂದಿರ ಬಗ್ಗೆ ಸ್ವಲ್ಪ ಹೆಚ್ಚೇ ಹೇಳುತ್ತಾರೆ. ಆದರೆ ಹದಿನಾರನೆಯ ವಯಸ್ಸಿನಲ್ಲಿ ಅವನು ಶಂಕುಜಗಳ ಮೇಲೆ ಬರೆದ ಪ್ರಬಂಧ 1640ರಲ್ಲಿ ಅಚ್ಚಾದದ್ದಂತೂ ನಿಜ. ಬೀಗ ಹಾಕಿದ ಪುಸ್ತಕಗಳು ಅಷ್ಟರಲ್ಲಿ ಹೊರಗೆ ಬಂದಿದ್ದವು.

ಈ ನಡುವೆ ಮನೆಯ ಮೇಲೆ ಒಂದು ಗಂಡಾಂತರ ಬಂದುಹೋಯಿತು. ತಂದೆ ತಮ್ಮ ಉಳಿತಾಯವನ್ನೆಲ್ಲ ಸರ್ಕಾರಿ ಸಾಲಪತ್ರಗಳಲ್ಲಿ ಹಾಕಿದ್ದರು. ಸರ್ಕಾರ ಬಡ್ಡಿ ಕೊಡುವುದನ್ನು ಕಡಿತ ಮಾಡಿದಾಗ ಪ್ರತಿಭಟಿಸಿದವರಲ್ಲಿ ಅವರೂ ಒಬ್ಬರು. ಪ್ರಧಾನಿ ರಿಶೆಲ್ಯೂ ಕೋಪಗೊಂಡಾಗ 1638ರಲ್ಲಿ ಅವರು ಮಕ್ಕಳನ್ನು ಬಿಟ್ಟು ತಲೆಮರೆಸಿಕೊಳ್ಳಬೇಕಾಯಿತು. ಮರುವರ್ಷ ಪುಟ್ಟ ಜಾಕ್ವೆಲಿನ್ ರಿಶೆಲ್ಯೂ ಮುಂದೆ ನಾಟಕವೊಂದರಲ್ಲಿ ಚೆನ್ನಾಗಿ ಅಭಿನಯಿಸಿ, ತಂದೆಯನ್ನು ಕ್ಷಮಿಸಬೇಕೆಂದು ಕೇಳಿಕೊಂಡಳು. ಕ್ಷಮೆ ಸಿಕ್ಕಿತು, ಜೊತೆಗೆ ರೂಯೆನ್ ನಗರದಲ್ಲಿ ತೆರಿಗೆ ವಸೂಲಿಯ ದೊಡ್ಡ ಹುದ್ದೆಯೂ ಸಿಕ್ಕಿತು. ಬೇಡದ ಹುದ್ದೆ ಎನ್ನಬಹುದು. ತೆರಿಗೆಯ ವಿರುದ್ಧ ಆಗಷ್ಟೇ ದಂಗೆ ನಡೆದಿದ್ದ ಪ್ರಾಂತ್ಯ ಅದು.

ಒತ್ತಡದ ಮಾನಗಳ ಕಥೆ ನನ್ನ ಮಟ್ಟಿಗೆ ಶುರುವಾಗುವುದು ಈ ರೂಯೆನ್‌ನ ಲೆಕ್ಕದ ಪುಸ್ತಕಗಳಿಂದ. ತಂದೆ ತಡರಾತ್ರಿಯವರೆಗೆ ಕೂತು ಕೂಡುತ್ತಿದ್ದರು. ಫ್ರೆಂಚ್ ಹಣದಲ್ಲಿ 12 ದೆನಿಯೆ ಸೇರಿದರೆ ಒಂದು ಸೋಲ್, 20 ಸೋಲ್ ಸೇರಿದರೆ ಒಂದು ಲೀವ್ರ್. ನಮ್ಮಲ್ಲಿ 1957ಕ್ಕೆ ಮೊದಲು 12 ಪೈಗೆ ಒಂದು ಆಣೆ, 16 ಆಣೆಗೆ ಒಂದು ರೂಪಾಯಿ ಇದ್ದ ಹಾಗೆ. ನನ್ನಜ್ಜ ಈಗಲೂ ಒಂದು ಕೆಲಸ ಪೂರ್ತಿ ಮುಗಿದರೆ ಹದಿನಾರಾಣೆ ಆಯ್ತು ಎನ್ನುತ್ತಾರೆ. ಇಂಥ ಹಣವನ್ನು ಕೂಡುವಾಗ ಪ್ರತಿ ಕಂಬಸಾಲಿಗೂ ದಶಕ ಒಯ್ಯುವ ಲೆಕ್ಕ ಬೇರೆ ಬೇರೆ, ತಪ್ಪು ನುಸುಳುವುದೂ ಅಲ್ಲೇ. ಹತ್ತೊಂಬತ್ತರ ಮಗ 1642ರಲ್ಲಿ ಇದಕ್ಕೊಂದು ಯಂತ್ರ ಮಾಡಲು ಹೊರಟ. ಸಾಲಾಗಿ ಹಲ್ಲುಚಕ್ರಗಳು, ಒಂದು ಚಕ್ರ ಒಂಬತ್ತು ದಾಟಿ ಸೊನ್ನೆಗೆ ಬಂದರೆ ಪಕ್ಕದ ಚಕ್ರ ತಾನಾಗಿ ಒಂದು ಮನೆ ಮುಂದೆ ಹೋಗಬೇಕು. ಕೊನೆಯ ಎರಡು ಚಕ್ರಗಳಿಗೆ ಮಾತ್ರ ಹತ್ತು ಹಲ್ಲಲ್ಲ, ಒಂದಕ್ಕೆ 20, ಇನ್ನೊಂದಕ್ಕೆ 12. ಮಾನಗಳ ಪರಿವರ್ತನೆಯನ್ನು ಅವನು ಹಿತ್ತಾಳೆಯಲ್ಲೇ ಕೂರಿಸಿಬಿಟ್ಟಿದ್ದ. ಭೂಮಾಪನದವರ ಅಡಿ, ಅಂಗುಲ, ಗೆರೆಗಳಿಗೆ ಬೇರೆ ಹಲ್ಲುಗಳ ಯಂತ್ರವೂ ಇತ್ತು. ಸುಮಾರು 50 ಮಾದರಿಗಳನ್ನು ಮಾಡಿ ಕೆಡವಿದ ಮೇಲೆ ಅವನಿಗೆ ತೃಪ್ತಿಯಾಯಿತು. 1649ರಲ್ಲಿ ರಾಜನ ಪರವಾನಗಿಯೂ ಬಂತು. ಆದರೆ ಬೆಲೆ ಹೆಚ್ಚು, ಕೊಂಡವರು ಕಡಿಮೆ. ಸ್ಟಾರ್ಟ್‌ಅಪ್ ಅನ್ನುವ ಪದ ಆಗ ಇರಲಿಲ್ಲ ಅಷ್ಟೇ.

ಆ ಹೊತ್ತಿಗೆ ಇಟಲಿಯಿಂದ ಒಂದು ಸುದ್ದಿ ಬರುತ್ತಿತ್ತು. ಬಾವಿಯಿಂದ ನೀರೆಳೆಯುವ ಪಂಪುಗಳು ಸುಮಾರು ಹತ್ತು ಮೀಟರಿಗಿಂತ ಮೇಲಕ್ಕೆ ನೀರನ್ನು ಎಳೆಯಲಾರವು ಎಂಬುದನ್ನು ಗೆಲಿಲಿಯೊ ಗಮನಿಸಿದ್ದ. ನಮ್ಮ ಅಡಿಕೆ ತೋಟದವರಿಗೂ ಇದು ಗೊತ್ತು. ಮೋಟಾರನ್ನು ಬಾವಿಯ ದಡದಲ್ಲಿ ಕೂರಿಸಿದರೆ ನೀರು ಏಳು ಮೀಟರಿಗಿಂತ ಕೆಳಗೆ ಹೋದಾಗ ಎಳೆಯುವುದು ಕಷ್ಟವೆಂದು, ಬಾವಿಯೊಳಗೆ ಕಟ್ಟೆ ಕಟ್ಟಿ ಮೋಟಾರನ್ನು ಕೆಳಗಿಳಿಸುತ್ತಾರೆ. ಮೋಟಾರಿನ ಶಕ್ತಿ ಹೆಚ್ಚಿಸಿದರೂ ಪ್ರಯೋಜನವಿಲ್ಲ. ಯಾಕೆಂದರೆ ನೀರನ್ನು ಮೇಲೆತ್ತುವುದು ಮೋಟಾರಲ್ಲ. ಗೆಲಿಲಿಯೊನ ಶಿಷ್ಯ ಟೊರಿಸೆಲ್ಲಿ ಇದನ್ನು ಹಿಡಿದ. ನೀರಿಗಿಂತ ಹದಿಮೂರೂವರೆ ಪಟ್ಟು ಭಾರವಾದ ಪಾದರಸವನ್ನು ಒಂದು ಕಡೆ ಮುಚ್ಚಿದ ಗಾಜಿನ ಕೊಳವೆಯಲ್ಲಿ ತುಂಬಿ, ಪಾದರಸದ ಬೋಗುಣಿಯಲ್ಲಿ ಬೋರಲು ಹಾಕಿದರೆ, ಅದು ಪೂರ್ತಿ ಇಳಿಯದೆ ಸುಮಾರು 76 ಸೆಂಟಿಮೀಟರಿನಲ್ಲಿ ನಿಲ್ಲುತ್ತದೆ. ನಾವು ಗಾಳಿಯ ಕಡಲಿನ ತಳದಲ್ಲಿ ಬದುಕಿದ್ದೇವೆ, ಹೊರಗಿನ ಆ ಗಾಳಿಯ ಭಾರವೇ ಪಾದರಸವನ್ನು ತಳ್ಳಿ ಹಿಡಿದಿದೆ ಎಂದು 1644ರಲ್ಲಿ ಅವನು ಗೆಳೆಯನಿಗೆ ಬರೆದ. ಮೂರು ವರ್ಷಕ್ಕೆ ತೀರಿಕೊಂಡ.

ಹಾಗಾದರೆ ಪಾದರಸದ ಮೇಲೆ, ಕೊಳವೆಯ ತುದಿಯಲ್ಲಿ ಉಳಿದ ಖಾಲಿ ಜಾಗದಲ್ಲಿ ಏನಿದೆ? ಜಗಳ ಶುರುವಾದದ್ದು ಇಲ್ಲಿ. ಪ್ರಕೃತಿ ಖಾಲಿಯನ್ನು ಸಹಿಸುವುದಿಲ್ಲ ಎಂಬುದು ಎರಡು ಸಾವಿರ ವರ್ಷದ ನಂಬಿಕೆ. ಅಲ್ಲಿ ಪಾದರಸದ ಆವಿ ಇದೆ, ಕಾಣದ ಸೂಕ್ಷ್ಮ ದ್ರವ್ಯವಿದೆ ಎಂದು ಪಂಡಿತರು ಹೇಳುತ್ತಿದ್ದರು. ಪ್ಯಾಸ್ಕಲ್ 1646ರಲ್ಲಿ ತಂದೆಯ ಗೆಳೆಯ ಪಿಯೆರ್ ಪೆಟಿ ಜೊತೆ ರೂಯೆನ್‌ನಲ್ಲಿ ಈ ಪ್ರಯೋಗವನ್ನು ಮಾಡಿ ನೋಡಿದ. ಊರಿನಲ್ಲಿ ಒಳ್ಳೆಯ ಗಾಜಿನ ಕಾರ್ಖಾನೆ ಇತ್ತು. ಅಲ್ಲಿ 46 ಅಡಿ ಉದ್ದದ ಕೊಳವೆಗಳನ್ನು ಮಾಡಿಸಿ, ಹಡಗಿನ ಪಟಗಂಬಕ್ಕೆ ಕಟ್ಟಿ ನಿಲ್ಲಿಸಿ, ಜನರೆದುರಿಗೆ ಒಂದರಲ್ಲಿ ನೀರು, ಇನ್ನೊಂದರಲ್ಲಿ ಕೆಂಪು ವೈನ್ ತುಂಬಿಸಿದ. ಕೊಳವೆ ತಿರುಗಿಸುವ ಮೊದಲೇ ಊಹೆ ಹೇಳಬೇಕೆಂದು ವಿರೋಧಿಗಳನ್ನು ಕೇಳಿದ. ಖಾಲಿ ಜಾಗವನ್ನು ಆವಿ ತುಂಬುವುದಾದರೆ, ಬೇಗ ಆವಿಯಾಗುವ ವೈನ್ ನೀರಿಗಿಂತ ಕೆಳಗೆ ನಿಲ್ಲಬೇಕು. ಹೊರಗಿನ ಭಾರದ ತೂಕವೇ ಕಾರಣವಾದರೆ, ನೀರಿಗಿಂತ ಹಗುರವಾದ ವೈನ್ ಮೇಲೆ ನಿಲ್ಲಬೇಕು. ವೈನ್ ಮೇಲೆ ನಿಂತಿತು. ಎರಡೂ ಸುಮಾರು ಹತ್ತು ಮೀಟರ್ ಎತ್ತರದಲ್ಲಿ, ನಡುವೆ ಸಣ್ಣದೊಂದು ಅಂತರ. ಆ ಅಂತರದಲ್ಲೇ ತೀರ್ಪು ಇತ್ತು.

ಆದರೆ ಅವನ ದೇಹ ಆಗಲೇ ಸೋಲುತ್ತಿತ್ತು. ಹದಿನೆಂಟರಿಂದ ಮುಂದೆ ನೋವಿಲ್ಲದ ದಿನವಿರಲಿಲ್ಲ. 1647ರಲ್ಲಿ ಕಾಲುಗಳು ಸ್ವಾಧೀನ ತಪ್ಪಿ ಊರುಗೋಲು ಬೇಕಾಯಿತು, ಬೆಚ್ಚಗಿನ ದ್ರವ ಬಿಟ್ಟು ಬೇರೇನೂ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಚಿಕಿತ್ಸೆಗೆಂದು ತಂಗಿಯೊಂದಿಗೆ ಪ್ಯಾರಿಸ್‌ಗೆ ಬಂದ. ಆ ಸೆಪ್ಟೆಂಬರಿನಲ್ಲಿ ಅವನನ್ನು ನೋಡಲು ಬಂದವರು ಡೆಕಾರ್ಟ್. ಯುರೋಪಿನ ದೊಡ್ಡ ತತ್ತ್ವಜ್ಞಾನಿಗೆ ಆಗ 51, ಪ್ಯಾಸ್ಕಲ್‌ಗೆ 24. ಖಾಲಿ ಎಂಬುದು ಇಲ್ಲವೇ ಇಲ್ಲ ಎಂಬುದು ಡೆಕಾರ್ಟ್ ನಿಲುವು. ಮಾತು ಬಿಸಿಯಾಯಿತು, ಮರುದಿನ ಮತ್ತೆ ಬಂದು ಆರೋಗ್ಯ ವಿಚಾರಿಸಿ, ಹಾಸಿಗೆ ಬಿಟ್ಟು ಏಳಬೇಡ, ಸೂಪು ಕುಡಿ ಎಂದು ಹೇಳಿಹೋದರು. ಆಮೇಲೆ ಬೇರೊಬ್ಬರಿಗೆ ಬರೆಯುತ್ತಾ, ಆ ಹುಡುಗನ ತಲೆಯಲ್ಲೇ ನಿರ್ವಾತ ಹೆಚ್ಚಾಗಿದೆ ಎಂದು ಕುಟುಕಿದರು. ಮುಂದೆ ಬೆಟ್ಟದ ಪ್ರಯೋಗ ಗೆದ್ದಾಗ, ಆ ಸಲಹೆ ಕೊಟ್ಟದ್ದೇ ತಾನೆಂದೂ ಹೇಳಿಕೊಂಡರು. ಪ್ರಾಜೆಕ್ಟ್ ಯಶಸ್ವಿಯಾದ ಮೇಲೆ ಗೈಡ್ ಆಗುವವರು ಯಾವ ಕಾಲಕ್ಕೂ ಇದ್ದಾರೆ.

ಬೆಟ್ಟದ ಯೋಚನೆ ಸರಳ. ಗಾಳಿಯ ಕಡಲಿನ ತಳದಲ್ಲಿ ನಾವಿರುವುದು ನಿಜವಾದರೆ, ಮೇಲೆ ಹತ್ತಿದಷ್ಟೂ ನಮ್ಮ ಮೇಲಿನ ಗಾಳಿ ಕಡಿಮೆಯಾಗಬೇಕು, ಪಾದರಸ ಇಳಿಯಬೇಕು. ಪ್ರಕೃತಿ ಖಾಲಿಗೆ ಹೆದರುವುದೇ ಕಾರಣವಾದರೆ, ಅದು ಬೆಟ್ಟದ ಬುಡದಲ್ಲಿ ಹೆಚ್ಚು, ತುದಿಯಲ್ಲಿ ಕಡಿಮೆ ಹೆದರುವುದಕ್ಕೆ ಅರ್ಥವಿಲ್ಲ. ಆದರೆ ಪ್ಯಾರಿಸ್‌ನಲ್ಲಿ ಬೆಟ್ಟವಿಲ್ಲ, ಊರುಗೋಲಿನವನಿಗೆ ಹತ್ತಲು ಕಾಲಿಲ್ಲ. ಅಕ್ಕನ ಗಂಡ ಫ್ಲೊರಾಂ ಪೆರಿಯೆ ಕ್ಲೆರ್ಮಾಂನಲ್ಲೇ ಇದ್ದರು. 1647ರ ನವೆಂಬರ್ 15ರಂದು ಪ್ಯಾಸ್ಕಲ್ ಭಾವನಿಗೆ ಪತ್ರ ಬರೆದು ಏನೇನು ಮಾಡಬೇಕೆಂದು ವಿವರಿಸಿದ. ಭಾವನಿಗೆ ಕಚೇರಿ ಕೆಲಸ, ಊರೂರು ತಿರುಗಾಟ, ಮಂಜು. ಹತ್ತು ತಿಂಗಳು ಕಾಯಬೇಕಾಯಿತು.

1648ರ ಸೆಪ್ಟೆಂಬರ್ 19, ಬೆಳಿಗ್ಗೆ ಎಂಟು ಗಂಟೆಗೆ ಪೆರಿಯೆ ಮತ್ತು ಊರಿನ ಕೆಲವು ಗಣ್ಯರು ಕ್ಲೆರ್ಮಾಂನ ಮಠವೊಂದರ ತೋಟದಲ್ಲಿ ಸೇರಿದರು. ಎರಡು ಕೊಳವೆ, ಒಂದೇ ಪಾದರಸ. ಎರಡರಲ್ಲೂ ಎತ್ತರ 26 ಅಂಗುಲ ಮೂರೂವರೆ ಗೆರೆ. ಒಂದು ಕೊಳವೆಯನ್ನು ಅಲ್ಲೇ ಬಿಟ್ಟು, ಶಾಸ್ತಾಂ ಎಂಬ ಪಾದ್ರಿಯನ್ನು ಅದರ ಮುಂದೆ ಕೂರಿಸಿದರು. ಇಡೀ ದಿನ ಅದು ಏರುತ್ತದೋ ಇಳಿಯುತ್ತದೋ ನೋಡುವುದಷ್ಟೇ ಅವರ ಕೆಲಸ. ಉಳಿದವರು ಇನ್ನೊಂದನ್ನು ಹೊತ್ತು, ಸುಮಾರು 500 ತ್ವಾಜ್, ಅಂದರೆ ಹತ್ತಿರ ಹತ್ತಿರ ಒಂದು ಕಿಲೋಮೀಟರ್ ಎತ್ತರಕ್ಕೆ ಹತ್ತಿದರು. ತುದಿಯಲ್ಲಿ ಪಾದರಸ 23 ಅಂಗುಲ ಎರಡು ಗೆರೆಗೆ ಇಳಿದಿತ್ತು. ಬೆರಗಿನಿಂದ, ತಪ್ಪಿರಬಹುದೆಂದು, ಮಳೆಯಲ್ಲಿ, ಗಾಳಿಯಲ್ಲಿ, ಅಲ್ಲಿದ್ದ ಪುಟ್ಟ ಗುಡಿಯೊಳಗೆ, ಹೊರಗೆ ಹೀಗೆ ಐದು ಸಲ ಮಾಡಿದರು. ಐದು ಸಲವೂ ಅದೇ. ಇಳಿಯುವಾಗ ನಡುದಾರಿಯಲ್ಲಿ ಅಳೆದರೆ 25 ಅಂಗುಲ. ಕೆಳಗೆ ಪಾದ್ರಿಯ ಕೊಳವೆ ದಿನವಿಡೀ ಅಲುಗಿರಲಿಲ್ಲ.

ಈ ಅಂಕಿಗಳನ್ನು ಓದಿದ ರಾತ್ರಿ ನಾನು ನಿದ್ದೆ ಬಿಟ್ಟು ಪರಿವರ್ತನೆಗೆ ಕೂತೆ. ಆ ಕಾಲದ ಪ್ಯಾರಿಸ್ ಅಂಗುಲ ನಮ್ಮ ಇಂಚಲ್ಲ, 27.07 ಮಿಲಿಮೀಟರ್. ಅದರ ಹನ್ನೆರಡನೇ ಒಂದು ಭಾಗ ಒಂದು ಗೆರೆ, 2.256 ಮಿ.ಮೀ. ಹಾಗಾಗಿ ಬುಡದಲ್ಲಿ ಸುಮಾರು 712 ಮಿ.ಮೀ., ತುದಿಯಲ್ಲಿ 627. ಒಂದು ಮಿ.ಮೀ. ಪಾದರಸವೆಂದರೆ 133.3 ಪ್ಯಾಸ್ಕಲ್. ಬುಡದಲ್ಲಿ 94,900 ಪ್ಯಾಸ್ಕಲ್, ತುದಿಯಲ್ಲಿ 83,600. ಇದನ್ನು ನೂರರಿಂದ ಭಾಗಿಸಿದರೆ ಹೆಕ್ಟೊಪ್ಯಾಸ್ಕಲ್, ಹವಾಮಾನ ಇಲಾಖೆಯ ಹಳೆಯ ಮಿಲಿಬಾರ್‌ಗೂ ಅದೇ ಅಂಕಿ: 949 ಮತ್ತು 836. ನಾನು ಮೊಬೈಲ್ ತೆಗೆದು ಅದರೊಳಗಿನ ವಾಯುಭಾರ ಮಾಪಕದ ಆ್ಯಪ್ ನೋಡಿದೆ. ಸಮುದ್ರಮಟ್ಟದಿಂದ ಸುಮಾರು 570 ಮೀಟರ್ ಎತ್ತರದ ಶಿವಮೊಗ್ಗದಲ್ಲಿ, ಸವಳಂಗ ರಸ್ತೆ ಪಕ್ಕದ ನನ್ನ ರೂಮಿನಲ್ಲಿ ಅದು 949 ತೋರಿಸುತ್ತಿತ್ತು. ಪೆರಿಯೆ ಆ ಬೆಳಿಗ್ಗೆ ಮಠದ ತೋಟದಲ್ಲಿ ಕಂಡ ಪಾದರಸವೂ ನಮ್ಮೂರಿನ ಪಾದರಸವೂ ಒಂದೇ ಎತ್ತರ!

ಇದಾದ ಮೇಲೆ ಸುಮ್ಮನಿರಲಾಗಲಿಲ್ಲ. ಪ್ವಿ ದ ದೋಮ್ ಎತ್ತರ 1,465 ಮೀಟರ್. ನಮ್ಮ ಕೊಡಚಾದ್ರಿ 1,343. ಡಿಸೆಂಬರಿನ ಒಂದು ಭಾನುವಾರ ಬೆಳಿಗ್ಗೆ ಐದಕ್ಕೆ ಗಾಡಿ ಹೊರಡಿಸಿದೆ. ಹೊರಡುವ ಮೊದಲು ನನ್ನ ಮತ್ತು ರೂಮ್‌ಮೇಟ್‌ನ ಮೊಬೈಲ್‌ಗಳನ್ನು ಮೇಜಿನ ಮೇಲೆ ಪಕ್ಕಪಕ್ಕದಲ್ಲಿಟ್ಟು ಹೋಲಿಸಿದೆವು. ಅವನದು ಒಂದು ಹೆಚ್ಚು ತೋರಿಸುತ್ತಿತ್ತು, ಅದನ್ನು ಕಳೆಯಬೇಕೆಂದು ಬರೆದಿಟ್ಟುಕೊಂಡೆವು. ಪಿಎಸ್‌ಐ ಆಕಾಂಕ್ಷಿ ಅಂದು ನನ್ನ ಶಾಸ್ತಾಂ ಪಾದ್ರಿ. ಗಂಟೆಗೊಮ್ಮೆ ಅಂಕಿ ಬರೆಯುವ ಕೆಲಸ ಒಪ್ಪಿಕೊಂಡ, ಬದಲಿಗೆ ರಾತ್ರಿಯ ಊಟ ನನ್ನದು.

ಮಧ್ಯಾಹ್ನ ಒಂದಕ್ಕೆ ಸರ್ವಜ್ಞ ಪೀಠದ ಹತ್ತಿರ ನನ್ನ ಮೊಬೈಲ್ 867 ತೋರಿಸಿತು. ರೂಮಿನ ಲೆಕ್ಕದಲ್ಲಿ ಅದೇ ಹೊತ್ತಿಗೆ 948. ವ್ಯತ್ಯಾಸ 81 ಹೆಕ್ಟೊಪ್ಯಾಸ್ಕಲ್, ಪಾದರಸದಲ್ಲಿ 61 ಮಿ.ಮೀ. ಪೆರಿಯೆಗೆ ಸಿಕ್ಕ ಇಳಿಕೆ 85 ಮಿ.ಮೀ., ಅವರು ಹತ್ತಿದ್ದು ನನಗಿಂತ ಇನ್ನೂರು ಮೀಟರ್ ಹೆಚ್ಚು. ಗೆದ್ದೆ ಎಂದುಕೊಂಡು ರೂಮಿಗೆ ಬಂದರೆ ರೂಮ್‌ಮೇಟ್ ಬೇಜಾರಿನ ಮುಖ ಮಾಡಿಕೊಂಡು ಕೂತಿದ್ದ. ಅವನ ಮೊಬೈಲ್ ಹಾಳಾಗಿದೆಯಂತೆ. ಬೆಳಿಗ್ಗೆ ಹತ್ತಕ್ಕೆ 950 ಇದ್ದದ್ದು ಸಂಜೆ ನಾಲ್ಕಕ್ಕೆ 946ಕ್ಕೆ ಇಳಿದು, ಆಮೇಲೆ ಮತ್ತೆ ಏರತೊಡಗಿತ್ತು. ಮೇಜಿನಿಂದ ಅದು ಅಲುಗಿಯೂ ಇರಲಿಲ್ಲ. ಹುಡುಕಿದಾಗ ತಿಳಿಯಿತು, ಮೊಬೈಲ್ ಸರಿಯಾಗಿಯೇ ಇದೆ. ನಮ್ಮಂಥ ಉಷ್ಣವಲಯದಲ್ಲಿ ಗಾಳಿಯ ಕಡಲಿಗೂ ಉಬ್ಬರವಿಳಿತವಿದೆ. ಬಿಸಿಲು ವಾತಾವರಣವನ್ನು ಕಾಯಿಸುವುದರಿಂದ ದಿನಕ್ಕೆ ಎರಡು ಸಲ ಒತ್ತಡ ಏರಿ ಇಳಿಯುತ್ತದೆ. ಬೆಳಿಗ್ಗೆ ಹತ್ತರ ಹೊತ್ತಿಗೆ ಹೆಚ್ಚು, ಸಂಜೆ ನಾಲ್ಕರ ಹೊತ್ತಿಗೆ ಕಡಿಮೆ. ಫ್ರಾನ್ಸಿನಷ್ಟು ಉತ್ತರದಲ್ಲಿ ಅದು ಕಣ್ಣಿಗೆ ಬೀಳದಷ್ಟು ಸಣ್ಣದು. ಕೆಳಗೊಬ್ಬ ಕೂತು ಬರೆಯದೇ ಇದ್ದಿದ್ದರೆ, ಗಂಟೆಯ ಇಳಿತವನ್ನೂ ಬೆಟ್ಟದ ಇಳಿತವನ್ನೂ ನಾನು ಒಂದೇ ಎಂದು ಸೇರಿಸಿಬಿಡುತ್ತಿದ್ದೆ. ಪಾದ್ರಿಯನ್ನು ಯಾಕೆ ಕೂರಿಸಿದರೆಂದು ಆಗ ಅರ್ಥವಾಯಿತು.

ಪ್ಯಾಸ್ಕಲ್ ಕಥೆಗೆ ಮರಳುತ್ತೇನೆ. ಭಾವನ ಪತ್ರ ಕೈಸೇರಿದ ಮೇಲೆ ಅವನು ಪ್ಯಾರಿಸ್‌ನಲ್ಲಿ ಸುಮಾರು 50 ಮೀಟರ್ ಎತ್ತರದ ಸೇಂಟ್ ಜಾಕ್ ಗೋಪುರದಲ್ಲಿ ತಾನೇ ಅಳೆದು ನೋಡಿದ. ಎರಡು ಗೆರೆಗಿಂತ ಸ್ವಲ್ಪ ಹೆಚ್ಚು ಇಳಿಕೆ. ನಂತರದ ವರ್ಷಗಳಲ್ಲಿ ದ್ರವಗಳ ಸಮತೋಲ ಮತ್ತು ಗಾಳಿಯ ಭಾರದ ಮೇಲೆ ಎರಡು ಪ್ರಬಂಧಗಳನ್ನು ಬರೆದ. ಮುಚ್ಚಿದ ದ್ರವದ ಮೇಲೆ ಒಂದು ಕಡೆ ಹಾಕಿದ ಒತ್ತಡ ಎಲ್ಲ ಕಡೆಗೂ ಅಷ್ಟೇ ಹರಡುತ್ತದೆ ಎಂಬ, ನಾವು ಹೈಸ್ಕೂಲಿನಲ್ಲಿ ಓದುವ ನಿಯಮ ಅಲ್ಲಿದೆ. ನೀರು ತುಂಬಿದ ಪಾತ್ರೆಗೆ ಎರಡು ಬಾಯಿ, ಒಂದು ಇನ್ನೊಂದರ ನೂರು ಪಟ್ಟು ದೊಡ್ಡದು. ಸಣ್ಣ ಬಾಯಿಯಲ್ಲಿ ಒಬ್ಬ ಒತ್ತಿದರೆ ದೊಡ್ಡ ಬಾಯಿಯಲ್ಲಿ ನೂರು ಜನರ ಬಲಕ್ಕೆ ಸಮ. ಸರ್ವಿಸ್ ಸ್ಟೇಷನ್ನಿನಲ್ಲಿ ಕಾರನ್ನು ಮೇಲೆತ್ತುವ ಲಿಫ್ಟೂ, ಜೆಸಿಬಿಯ ಕೈಯೂ ಈ ಪಾತ್ರೆಯೇ.

ಬಲ ಬೇರೆ, ಒತ್ತಡ ಬೇರೆ ಎಂಬುದೂ ಈ ಪಾತ್ರೆಯಿಂದಲೇ ನನಗೆ ಸ್ಪಷ್ಟವಾದದ್ದು. ಒತ್ತಡವೆಂದರೆ ಬಲವನ್ನು ವಿಸ್ತೀರ್ಣದಿಂದ ಭಾಗಿಸಿದ್ದು. ಅದಕ್ಕೇ ಪರಿವರ್ತನೆಯಲ್ಲಿ ನಾವು ಎಡವುವುದು: ಪೌಂಡನ್ನು ಕೆ.ಜಿ. ಮಾಡಿ, ಚದರ ಇಂಚನ್ನು ಮರೆಯುತ್ತೇವೆ. ಒಂದು ಪೌಂಡ್ 0.4536 ಕೆ.ಜಿ. ಒಂದು ಚದರ ಇಂಚು 6.4516 ಚದರ ಸೆಂ.ಮೀ. ಭಾಗಿಸಿದರೆ 0.0703. ತಿರುಗಿಸಿದರೆ ಒಂದು ಕೆ.ಜಿ. ಒತ್ತಡಕ್ಕೆ 14.22 ಪಿಎಸ್‌ಐ. ಪಂಕ್ಚರ್ ಅಂಗಡಿಯ ಗೇಜಿನಲ್ಲಿ ಹೊರಗಿನ 33ರ ನೇರಕ್ಕೆ ಒಳಗೆ 2.3 ಇರುವುದು ಇದರಿಂದ. ಪರೀಕ್ಷೆಗೆ ಓದುವವರು ಒಂದು ಸಾಲು ನೆನಪಿಟ್ಟರೆ ಸಾಕು: ಸಮುದ್ರಮಟ್ಟದ ಒಂದು ವಾತಾವರಣ ಅಂದರೆ 1,01,325 ಪ್ಯಾಸ್ಕಲ್, 1.013 ಬಾರ್, 1.033 ಕೆ.ಜಿ., 14.7 ಪಿಎಸ್‌ಐ, 760 ಮಿ.ಮೀ. ಪಾದರಸ, 10.33 ಮೀಟರ್ ನೀರು. ಯಾವುದರಿಂದ ಯಾವುದಕ್ಕೆ ಬೇಕಾದರೂ ಇದನ್ನು ದಾಟಿಯೇ ಹೋಗಬಹುದು. ಬಾರ್, ಕೆ.ಜಿ., ವಾತಾವರಣ ಮೂರೂ ಒಂದೇ ಎಂದು ಅಂಗಡಿಯಲ್ಲಿ ನಡೆಯುತ್ತದೆ. ನಾಲ್ಕು ಆಯ್ಕೆಗಳ ಪ್ರಶ್ನೆಪತ್ರಿಕೆಯಲ್ಲಿ ಆ ಎರಡು ಮೂರು ಶೇಕಡಾ ವ್ಯತ್ಯಾಸದ ಮೇಲೇ ಒಂದು ಅಂಕ ಹೋಗುತ್ತದೆ.

1651ರಲ್ಲಿ ತಂದೆ ತೀರಿಕೊಂಡರು. ತಂಗಿ ಜಾಕ್ವೆಲಿನ್ ಅಣ್ಣನ ಮಾತು ಮೀರಿ ಮರುವರ್ಷದ ಆರಂಭದಲ್ಲೇ ಸನ್ಯಾಸಿನಿಯಾಗಲು ಪೋರ್ಟ್ ರಾಯಲ್ ಮಠ ಸೇರಿದಳು. ಪ್ಯಾಸ್ಕಲ್ ಒಂಟಿಯಾದ. 1654ರಲ್ಲಿ ಜೂಜಾಟವೊಂದನ್ನು ಅರ್ಧಕ್ಕೆ ನಿಲ್ಲಿಸಿದರೆ ಪಣದ ಹಣವನ್ನು ಹೇಗೆ ಹಂಚಬೇಕೆಂಬ ಪ್ರಶ್ನೆಗೆ ಫರ್ಮಾ ಎಂಬ ಗಣಿತಜ್ಞನ ಜೊತೆ ಪತ್ರ ಬರೆದುಕೊಂಡ. ಸಂಭವನೀಯತೆಯ ಗಣಿತ ಅಲ್ಲಿಂದ ಬೆಳೆಯಿತು. ಅದೇ ನವೆಂಬರ್ 23ರ ರಾತ್ರಿ ಅವನಿಗೆ ತೀವ್ರವಾದ ದೈವಾನುಭವವಾಯಿತು. ಅದನ್ನು ಒಂದು ಹಾಳೆಯಲ್ಲಿ ಬರೆದು ಕೋಟಿನ ಒಳಗೆ ಹೊಲಿದುಕೊಂಡ. ಸತ್ತ ಮೇಲೆಯೇ ಅದು ಹೊರಗೆ ಬಂದದ್ದು. ಆಮೇಲೆ ಅವನು ಹೆಚ್ಚಾಗಿ ಧರ್ಮದ ಬರಹಗಾರ. ಈ ಭಾಗ ನನ್ನ ಅಳವಿಗೆ ಮೀರಿದ್ದು, ಹಾಗಾಗಿ ದಾಟಿ ಹೋಗುತ್ತೇನೆ.

ಆದರೆ ಕೊನೆಯ ವರ್ಷದ ಒಂದು ಕೆಲಸವನ್ನು ಬಿಡಲಾರೆ. 1662ರ ಮಾರ್ಚ್ 18ರಂದು ಪ್ಯಾರಿಸ್‌ನಲ್ಲಿ ನಿಗದಿತ ದಾರಿ, ನಿಗದಿತ ದರದ ಕುದುರೆ ಬಂಡಿಗಳು ಓಡತೊಡಗಿದವು. ಯಾರೂ ಹತ್ತಬಹುದು, ಎಷ್ಟೇ ದೂರಕ್ಕೂ ಐದು ಸೋಲ್. ಯೋಜನೆ ಪ್ಯಾಸ್ಕಲ್‌ನದು, ತನ್ನ ಪಾಲಿನ ಲಾಭ ಬಡವರಿಗೆ ಹೋಗಬೇಕೆಂಬುದು ಅವನ ಇಚ್ಛೆ. ಸಿಟಿ ಬಸ್ಸಿನ ಮೂಲಪುರುಷ ಎನ್ನಬಹುದು. ಆದರೆ ನ್ಯಾಯಾಲಯದವರು ಸೈನಿಕರು, ಸೇವಕರು, ಕೂಲಿಕಾರರು ಹತ್ತಬಾರದೆಂದು ಷರತ್ತು ಹಾಕಿಬಿಟ್ಟರು.

ಆ ಬೇಸಿಗೆಯಲ್ಲಿ ಅವನ ಮನೆಯಲ್ಲಿ ಆಶ್ರಯ ಪಡೆದಿದ್ದ ಬಡ ಕುಟುಂಬದ ಮಗುವಿಗೆ ಸಿಡುಬು ಬಂತು. ಅವರನ್ನು ಹೊರಗೆ ಕಳಿಸುವ ಬದಲು, ಕಾಯಿಲೆಯವನಾದ ತಾನೇ ಮನೆ ಬಿಟ್ಟು ಅಕ್ಕ ಗಿಲ್ಬರ್ತ್ ಮನೆಗೆ ಹೋದ. 1662ರ ಆಗಸ್ಟ್ 19ರಂದು ಅಲ್ಲೇ ತೀರಿಕೊಂಡ. ವಯಸ್ಸು 39. ದ್ರವ ಮತ್ತು ಗಾಳಿಯ ಮೇಲಿನ ಪ್ರಬಂಧಗಳು ಅಚ್ಚಾದದ್ದು ಮರುವರ್ಷ.

ಮಾನಕ್ಕೆ ಅವನ ಹೆಸರು ಬರಲು ಮುನ್ನೂರು ವರ್ಷ ಹಿಡಿಯಿತು. ತೂಕ ಮತ್ತು ಅಳತೆಗಳ ಅಂತರರಾಷ್ಟ್ರೀಯ ಸಮ್ಮೇಳನವು 1971ರಲ್ಲಿ, ಒಂದು ಚದರ ಮೀಟರಿನ ಮೇಲೆ ಒಂದು ನ್ಯೂಟನ್ ಬಲ ಬಿದ್ದರೆ ಅದು ಒಂದು ಪ್ಯಾಸ್ಕಲ್ ಎಂದು ತೀರ್ಮಾನಿಸಿತು. ತೀರಾ ಸಣ್ಣ ಮಾನ. ಒಂದು ಹಾಳೆ ಕಾಗದ ಮೇಜಿನ ಮೇಲೆ ಸುಮ್ಮನೆ ಮಲಗಿದಾಗ ಹಾಕುವ ಒತ್ತಡ ಸರಿಸುಮಾರು ಅಷ್ಟು. ಅದಕ್ಕೇ ನಮಗೆ ಯಾವಾಗಲೂ ಸಾವಿರ, ಲಕ್ಷಗಳಲ್ಲಿ ಹೇಳಬೇಕಾಗುತ್ತದೆ. ಆಸ್ಪತ್ರೆಯಲ್ಲಿ ಬಿಪಿ ಇನ್ನೂ ಪಾದರಸದ 120/80, ಕಾರ್ಖಾನೆಗಳಲ್ಲಿ ಇನ್ನೂ ಕೆ.ಜಿ., ಟೈರಿಗೆ ಇನ್ನೂ ಪಿಎಸ್‌ಐ.

ಹಿರಿಯರ ಪ್ರಶ್ನೆಗೆ ಉತ್ತರ ಈಗ ನನ್ನಲ್ಲಿದೆ. ಗೇಜು ತೋರಿಸುವುದು ಹೊರಗಿನ ಗಾಳಿಗಿಂತ ಎಷ್ಟು ಹೆಚ್ಚು ಎಂಬುದನ್ನು ಮಾತ್ರ. 7 ಕೆ.ಜಿ.ಯ 6,86,000 ಪ್ಯಾಸ್ಕಲ್‌ಗೆ ಶಿವಮೊಗ್ಗದ ಗಾಳಿಯ ಸುಮಾರು 95,000 ಸೇರಿಸಿದರೆ, ಟ್ಯಾಂಕಿನೊಳಗಿನ ನಿಜವಾದ ಒತ್ತಡ 7,81,000. ಮುಳ್ಳು ಸೊನ್ನೆಯಲ್ಲಿದ್ದಾಗ ಟ್ಯಾಂಕ್ ಖಾಲಿಯಲ್ಲ, ನಮ್ಮೆಲ್ಲರ ಸುತ್ತ ಇರುವಷ್ಟೇ ಗಾಳಿ ಅದರಲ್ಲೂ ಇದೆ.

ಮುಂದಿನ ತಿಂಗಳು ಭದ್ರಾವತಿ ಕಡೆ ಇನ್ನೊಂದು ಸಂದರ್ಶನವಿದೆ. ನಿನ್ನೆ ಗಾಳಿ ಹಾಕಿಸುವಾಗ, ಅಂಗಡಿಯವರು ಕೊಳವೆ ಕಿತ್ತೊಡನೆ ಮುಳ್ಳು ಪಟಕ್ಕನೆ ಸೊನ್ನೆಗೆ ಬಿದ್ದುದನ್ನು ನೋಡಿದೆ. ಅದು ಸೊನ್ನೆಯಲ್ಲ, ಹದಿಮೂರೂ ಮುಕ್ಕಾಲು ಎಂದು ಹೇಳಿದೆ. ಅವರು ಗೇಜನ್ನು ಒಮ್ಮೆ ತಟ್ಟಿ ನೋಡಿ, ಮೀಟರ್ ಸರಿಯಾಗಿಯೇ ಇದೆ ಎಂದು ಹತ್ತು ರೂಪಾಯಿ ಇಸಿದುಕೊಂಡರು.